ಎಡಗೈ ಬರುವ ತನಕ

೧೧ ನವೆಂಬರ್, ಮಂಗಳವಾರ

ಏನೂಂದ್ರೆ,

ಭಾವನವರ ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದೀರಿ ಎಂದುಕೊಂಡೇ ಶುರು ಮಾಡುತ್ತೇನೆ. ಇಲ್ಲಿ ನಾನು ಚೆನ್ನಾಗಿದ್ದೇನೆ, ನಿಮ್ಮ ಬೆಕ್ಕು ನನಗಿಂತ ಚೆನ್ನಾಗಿದೆ. ಹೋದ ತಿಂಗಳೇ ಬರೆಯಬೇಕಿತ್ತು. ತಡವಾದದ್ದಕ್ಕೆ ಕ್ಷಮೆ ಕೇಳೋಣವೆಂದರೆ, ಒಂದು ವಾರಕ್ಕೆಂದು ಅಣ್ಣನ ಮನೆಗೆ ಹೋಗಿ ಐದು ತಿಂಗಳಾದರೂ ಅಲ್ಲೇ ಬೀಡುಬಿಟ್ಟವರ ಹತ್ತಿರ ತಡದ ಮಾತೆತ್ತುವುದಕ್ಕೆ ನನಗೇ ನಗು ಬರುತ್ತದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು "ಹ್ಞೂಂ" ಅನ್ನುತ್ತೀರಿ, ಮಗಳ ಮಾತು ಬಂದ ಕೂಡಲೇ "ಸಿಗ್ನಲ್ ಹೋಗ್ತಾ ಇದೆ ಕಣೇ" ಅನ್ನುತ್ತೀರಿ. ಕಾಗದಕ್ಕೆ ಆ ತೊಂದರೆ ಇಲ್ಲ. ಹೆಚ್ಚೆಂದರೆ ಓದದೆ ಮಡಚಿಡಬಹುದು. ಮಡಚಿಡಬೇಡಿ.

ಗೊಂಬೆಯಜ್ಜಿ ಬಂದಿದ್ದಾರೆ. ಹೋದ ವರ್ಷ ಈ ಹೊತ್ತಿಗೆ ನಾವಿಬ್ಬರೂ ಆಸ್ಪತ್ರೆಯ ಬೆಂಚಿನ ಮೇಲಿದ್ದೆವು, ಪ್ರದರ್ಶನ ನಿಂತುಹೋಗಿತ್ತು. ಈ ವರ್ಷ ಜಪಾನಿನಿಂದ ಅವರೇ ಬರೆದರು. ಮಂಡಿ ಸವೆದಿದೆ, ಇದೇ ಕೊನೆಯ ಪ್ರಯಾಣ, ಹೋಗುವಾಗ ಗೊಂಬೆಯನ್ನು ನಿಮ್ಮ ಫ್ಯಾಕ್ಟರಿಯಲ್ಲೇ ಬಿಟ್ಟು ಹೋಗುತ್ತೇನೆ, ಆದರೆ ಅದನ್ನು ಆಡಿಸುವ ಕೈಗಳು ಅಲ್ಲಿರಬೇಕು, ಇಲ್ಲದಿದ್ದರೆ ವಾಪಸ್ ತರುತ್ತೇನೆ ಎಂದರು. ಅವರು ಇಳಿದುಕೊಂಡಿರುವುದು ಮಾಮೂಲಿ ಮೇಲಿನ ಕೋಣೆಯಲ್ಲೇ. ಫ್ಯಾಕ್ಟರಿಯಲ್ಲಿ ಐಸ್ ಮಾಡುವುದು ನಿಂತು, ಅದು ಕಲೆ ಕಲಿಸುವ ಜಾಗವಾಗಿ ಎಷ್ಟು ಕಾಲವಾಯಿತು, ಆ ದಪ್ಪ ಗೋಡೆಗಳಿಂದ ಚಳಿ ಇನ್ನೂ ಹೋಗಿಲ್ಲ. ಅಜ್ಜಿ ಎರಡು ಕಂಬಳಿ ಹೊದ್ದು ಕೂತಿರುತ್ತಾರೆ. ಹಿಂದಿನ ಶೆಡ್ಡಿನಲ್ಲಿ ಕಾಗದ ಮಾಡುವ ಜಪಾನಿ ದಂಪತಿ ಬಂದಿದ್ದಾರೆ, ನಮ್ಮ ಕಾಲೇಜು ಹುಡುಗಿಯರು ಮೊಣಕೈವರೆಗೆ ತಿಳಿಗಂಜಿಯಂಥ ನೀರಲ್ಲಿ ಮುಳುಗಿದ್ದಾರೆ. ಮಡಕೆ ಮೇಷ್ಟ್ರು ಮೂಲೆಯ ಕೋಣೆಯಲ್ಲಿ ಚಕ್ರ ತಿರುಗಿಸುತ್ತಾ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದಾರೆ. ಎಲ್ಲ ಮೊದಲಿನಂತೆಯೇ ಇದೆ ಎಂದು ಹೇಳಬಹುದು, ಹೇಳುವವರಿಗೆ ಧೈರ್ಯವಿದ್ದರೆ.

ಈಗ ವಿಷಯಕ್ಕೆ ಬರುತ್ತೇನೆ. ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೀವು ಏಣಿಯ ಮೇಲೆ ಕೂತು ಲೈಟು ಹಾಕಿದವರು. ಗೊಂಬೆಯ ಹಿಂದೆ ಏನು ನಡೆಯುತ್ತದೆ ಎಂದು ನಾನಾಗಲಿ ನಮ್ಮ ಮಗಳಾಗಲಿ ನಿಮ್ಮನ್ನು ಕೂರಿಸಿಕೊಂಡು ಹೇಳಿದ್ದೇ ಇಲ್ಲ.

ಆ ಒಂದು ಗೊಂಬೆಗೆ ಮೂವರು ಬೇಕು. ತಲೆ ಮತ್ತು ಬಲಗೈ ಗೊಂಬೆಯಜ್ಜಿಯದು. ಎಡಗೈ ಇನ್ನೊಬ್ಬರದು, ಅವರು ಆ ಕೈಗೆ ಕಟ್ಟಿದ ಕೋಲು ಹಿಡಿದು ಒಂದು ಮೊಳ ಆಚೆ ನಿಲ್ಲಬೇಕು. ಕಾಲು ನನ್ನದು. ಕಾಲೆಂದರೆ ನಿಜವಾದ ಕಾಲಲ್ಲ. ಹೆಣ್ಣು ಗೊಂಬೆಗೆ ಅವರು ಕಾಲೇ ಮಾಡುವುದಿಲ್ಲ. ಉಡುಪಿನ ಅಂಚನ್ನು ಎರಡು ಮುಷ್ಟಿಯಲ್ಲಿ ಹಿಡಿದು, ಅಲ್ಲಿ ಮಂಡಿ ಇದೆ, ಹೆಜ್ಜೆ ಇದೆ ಅನ್ನಿಸಬೇಕು. ಮೊದಲ ದಿನ ಇದನ್ನು ಕೇಳಿ, "ನಾವು ಚಿಕ್ಕಂದಿನಲ್ಲಿ ಕೇಳಿದ ದೆವ್ವಕ್ಕೆ ಹಿಂದುಮುಂದಾದ್ರೂ ಪಾದ ಇರ್ತಿತ್ತು, ಇದಕ್ಕೆ ಅದೂ ಇಲ್ವಲ್ಲೇ" ಎಂದು ನಾನೂ ಅವಳೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಎಡಗೈಯವರೂ ಕಾಲಿನವರೂ ಕಪ್ಪು ಬಟ್ಟೆ ತೊಟ್ಟು ಮುಖಕ್ಕೆ ಕಪ್ಪು ಮುಸುಕು ಹಾಕಿಕೊಳ್ಳುತ್ತೇವೆ. ಒಬ್ಬರಿಗೊಬ್ಬರು ಮಾತಾಡುವಂತಿಲ್ಲ. ಅಜ್ಜಿಯ ಸೊಂಟ ನನ್ನ ತೋಳಿಗೆ ತಾಗಿಕೊಂಡಿರುತ್ತದೆ, ಅದು ಹೇಳಿದಂತೆ ನನ್ನ ಕೈ ನಡೆಯುತ್ತದೆ. ಎಡಗೈಯವರು ಗೊಂಬೆಯ ತಲೆಯನ್ನೇ ನೋಡುತ್ತಿರುತ್ತಾರೆ, ಅದು ಹೇಳಿದಂತೆ ಅವರ ಕೈ. ಮೂವರ ಉಸಿರು ಒಂದಾದಾಗ ಗೊಂಬೆ ಉಸಿರಾಡುತ್ತದೆ.

ಎಡಗೈ ಹಿಡಿಯುತ್ತಿದ್ದ ನಮ್ಮ ನಿಧಾನಿಯ ಉಸಿರು ಮಾತ್ರ ಯಾವತ್ತೂ ಅರ್ಧ ಹಿಂದೆ. ಆ ಹೆಸರು ಇಟ್ಟವರು ನೀವೇ. ಊಟಕ್ಕೆ ಕರೆದರೂ "ಬಂದೆ ಬಂದೆ", ಮನೆಗೆ ಬೆಂಕಿ ಬಿದ್ದರೂ "ಬಂದೆ ಬಂದೆ". ಗೊಂಬೆಯಜ್ಜಿ ಕಲಿತ ಮೊದಲ ಕನ್ನಡವೂ ಅದೇ. ಮೊದಲ ವರ್ಷ ಅವರು ನಾಲಿಗೆ ಲೊಚಗುಟ್ಟಿ ಬೈದರು. ಎರಡನೆಯ ವರ್ಷ ಬೈಯುವುದು ಬಿಟ್ಟರು. ಬೈಯುವ ಬದಲು ಕಾಯತೊಡಗಿದರು. ಗೊಂಬೆ ಬಲಗೈ ಚಾಚುತ್ತದೆ, ತಲೆ ಸ್ವಲ್ಪ ಎಡಕ್ಕೆ ವಾಲಿಸುತ್ತದೆ, ಅರ್ಧ ಉಸಿರು ತಡೆಯುತ್ತದೆ, ಆಗ ಎಡಗೈ ಬರುತ್ತದೆ. ನೋಡಿದವರೆಲ್ಲ ಈ ಗೊಂಬೆ ಯೋಚನೆ ಮಾಡುತ್ತದೆ ಎಂದರು. ಯೋಚನೆಯೂ ಇಲ್ಲ, ಗೀಚನೆಯೂ ಇಲ್ಲ, ನಮ್ಮ ಮಗಳು ತಡ ಮಾಡುತ್ತಿದ್ದಳು, ಅಷ್ಟೇ.

ಈಗ ಎಡಗೈಗೆ ಹೊಸಬಳೊಬ್ಬಳು ಬಂದಿದ್ದಾಳೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಎಲ್ಲರೂ ಅವಳನ್ನು ಎಕ್ಸ್‌ರೇ ಎಂದೇ ಕರೆಯುತ್ತಾರೆ, ಅವಳಿಗೂ ಬೇಜಾರಿಲ್ಲ. ಫ್ಯಾಕ್ಟರಿಯಲ್ಲಿ ನಡೆಯುವ ನಮ್ಮ ಶನಿವಾರದ ತರಗತಿಗೆ ಕುತೂಹಲಕ್ಕೆ ಬಂದವಳು ಅಲ್ಲೇ ಅಂಟಿಕೊಂಡಳು. "ಉಸಿರು ಬಿಗಿ ಹಿಡೀರಿ, ಹಾಂ, ಬಿಡಿ" ಎಂದು ಇಡೀ ದಿನ ಹೇಳಿ ಹೇಳಿ ಬೇರೆಯವರ ಉಸಿರು ಅವಳಿಗೆ ಚೆನ್ನಾಗಿ ಗೊತ್ತು. ಕೈ ಚುರುಕು. ಒಂದು ಚೂರೂ ತಡವಿಲ್ಲ.

ಆಟ ಹಳೆಯದೇ. ಒಬ್ಬ ಹೆಂಗಸು ಹಗ್ಗದ ಮೇಲಿನ ಬಟ್ಟೆ ತೆಗೆದು ಮಡಚುತ್ತಾಳೆ, ಕೊನೆಗೆ ದೊಡ್ಡ ಹೊದಿಕೆಯೊಂದನ್ನು ಒಬ್ಬಳೇ ಮಡಚುತ್ತಾಳೆ. ಮೊದಲ ತಾಲೀಮಿನಲ್ಲಿ ಎಲ್ಲ ಸರಿಯಾಗಿತ್ತು. ಹೊದಿಕೆಯ ಹತ್ತಿರ ಬಂದೆವು. ಗೊಂಬೆಯ ಬಲಗೈ ಒಂದು ತುದಿ ಹಿಡಿಯಿತು. ಎಕ್ಸ್‌ರೇ ಎಡಗೈಯಲ್ಲಿ ಇನ್ನೊಂದು ತುದಿ ಹಿಡಿದು ಆಗಲೇ ಸಿದ್ಧವಾಗಿದ್ದಳು. ಅಜ್ಜಿಯ ಸೊಂಟ ಅಲುಗಲಿಲ್ಲ. ನಾನು ಬಗ್ಗಿಕೊಂಡೇ ಕಾದೆ. ಗೊಂಬೆಯೂ ಕಾಯುತ್ತಿತ್ತು. ಪಕ್ಕದಲ್ಲಿ ಮಡಕೆ ಮೇಷ್ಟ್ರ ಚಕ್ರದ ಸದ್ದು ನಿಂತಿತು. ಆಗ ನನಗೆ ಮೂರಲ್ಲ, ನಾಲ್ಕು ಉಸಿರು ಕೇಳಿಸಿತು. ನೀವು ನಗುತ್ತೀರಿ. ನಕ್ಕರೆ ನಗಿ, ನಾನು ಕೇಳಿದ್ದನ್ನು ಬರೆಯುತ್ತಿದ್ದೇನೆ. ನಾಲ್ಕನೆಯದು ಉಳಿದವುಗಳಿಗಿಂತ ಅರ್ಧ ಹಿಂದಿತ್ತು.

ಆಮೇಲೆ ಮೇಷ್ಟ್ರು ಕೈಯ ಮಣ್ಣು ಒರೆಸಿಕೊಳ್ಳುತ್ತಾ ಬಂದು, "ಅದೇನಮ್ಮಾ ಅದು, ಬಂದಿರೋ ಕೈಯನ್ನ ನೋಡದೆ ಅದರಾಚೆ ಯಾರನ್ನೋ ನೋಡ್ತಾ ನಿಂತುಬಿಡ್ತಲ್ಲ ಗೊಂಬೆ? ನನಗೆ ಮೈಯೆಲ್ಲ ತಣ್ಣಗಾಯ್ತು" ಎಂದರು. ಬುದ್ಧಿ ಹೇಳುವುದನ್ನು ಅವರು ಮರೆತದ್ದು ನಾನು ನೋಡಿದ್ದು ಅದೇ ಮೊದಲು.

ದಿನವೂ ಹೀಗೆಯೇ ಆಗುತ್ತಿದೆ. ನಿನ್ನೆ ಎಕ್ಸ್‌ರೇ ಮುಸುಕು ತೆಗೆದು ನನ್ನ ಕೈಗೆ ಕೊಟ್ಟಳು. "ಅಕ್ಕಾ, ನಾನು ಕೈ ಇಡೋ ಜಾಗದಲ್ಲಿ ಆಗಲೇ ಯಾರೋ ಕೈ ಇಟ್ಟಿರ್ತಾರೆ. ನನಗೆ ಭಯ ಅಂತಲ್ಲ, ಸಂಕೋಚ. ಬೇರೆಯವರ ಮನೇಲಿ ಬಾಗಿಲು ತಟ್ಟದೆ ಒಳಗೆ ಹೋದ ಹಾಗೆ. ನಾನು ಬಿಡ್ತೀನಕ್ಕಾ." ಅವಳು ಬಿಟ್ಟರೆ ಪ್ರದರ್ಶನವಿಲ್ಲ, ಗೊಂಬೆ ಪೆಟ್ಟಿಗೆ ಸೇರಿ ಜಪಾನಿಗೆ ಹೋಗುತ್ತದೆ, ಅಲ್ಲಿಗೆ ಎಲ್ಲ ಮುಗಿಯಿತು.

ಅಜ್ಜಿಯನ್ನು ಕೇಳಿದೆ. ಮೊದಲಾದರೆ ನಮ್ಮಿಬ್ಬರ ಮಧ್ಯೆ ಕೂತು ನಮ್ಮ ನಿಧಾನಿ ಜಪಾನಿ ಭಾಷೆಯನ್ನು ಕನ್ನಡ ಮಾಡುತ್ತಿದ್ದಳು, ನಾನು ಅಂದ ಒರಟು ಮಾತನ್ನೆಲ್ಲ ನಯ ಮಾಡಿ ದಾಟಿಸುತ್ತಿದ್ದಳು. ಈಗ ಫೋನು ಆ ಕೆಲಸ ಮಾಡುತ್ತದೆ. ಅಜ್ಜಿ ಅದರ ಬಾಯಿಗೆ ಮೆಲ್ಲಗೆ ಏನೋ ಹೇಳಿದರು. ಅದು ರೈಲು ಬರುವುದನ್ನು ಸಾರುವ ದನಿಯಲ್ಲಿ ಓದಿತು: "ಈ ವಿಳಂಬವನ್ನು ನಾನು ಇರಿಸಿಕೊಂಡಿಲ್ಲ. ಇದು ನನ್ನ ಕೈಯಲ್ಲಿ ಉಳಿದಿದೆ. ತೆಗೆದುಹಾಕಬಲ್ಲೆ. ಅಥವಾ ಹೊಸ ಎಡಗೈಗೆ ಕಲಿಸಬಲ್ಲೆ. ತಾಯಿ ನಿರ್ಧರಿಸಬೇಕು."

ಸುಳ್ಳೇಕೆ ಹೇಳಲಿ, ನನಗೆ ಅದು ಬೇಕು. ಬೆಳಿಗ್ಗೆ ಎದ್ದು ಮುಖ ತೊಳೆಯುವುದೇ ಆ ಅರ್ಧ ಉಸಿರಿಗಾಗಿ. ಅವಳ ಬಟ್ಟೆಬರೆಯಲ್ಲಿ ಅವಳಿಲ್ಲ, ಫೋಟೋದಲ್ಲಿ ಅವಳಿಲ್ಲ, ಅಲ್ಲಿ ಇದ್ದಾಳೆ. ಆದರೆ ಅವಳು ನನ್ನೊಬ್ಬಳ ಮಗಳಲ್ಲ. ಇರಿಸಿಕೊಳ್ಳಲೋ ತೆಗೆಸಿಬಿಡಲೋ, ನೀವು ಹೇಳಿ. ಇದೇ ತಿಂಗಳ ಇಪ್ಪತ್ತೆರಡಕ್ಕೆ ಪ್ರದರ್ಶನ.

ಭಾವನವರಿಗೂ ಅಕ್ಕನಿಗೂ ನಮಸ್ಕಾರ. ಅವರ ಅಂಗಡಿಯ ಏಣಿ ಹತ್ತುವಾಗ ಜೋಪಾನ.

ಉತ್ತರ ಕಾಯುತ್ತಿರುವ,
ನಿಮ್ಮವಳು

೨೪ ನವೆಂಬರ್, ಸೋಮವಾರ

ಏನೂಂದ್ರೆ,

ನಿಮ್ಮ ಕಾಗದ ಸಿಕ್ಕಿತು. ಕಾಗದ ಎನ್ನುವುದಕ್ಕಿಂತ ಒಂದು ಸಾಲು ಸಿಕ್ಕಿತು. "ನಿನಗೆ ಸರಿ ಕಂಡಂತೆ ಮಾಡು." ಇದನ್ನು ಹೇಳಲು ಅಂಚೆಯವರಿಗೆ ಅಷ್ಟು ದೂರ ಕೆಲಸ ಕೊಡಬೇಕಿತ್ತೇ? ಓದಿದ ದಿನ ಕೋಪ ನೆತ್ತಿಗೇರಿತ್ತು. ಬೆಕ್ಕಿನ ಮೇಲೆ ಹರಿಹಾಯ್ದೆ. ಬರೆಯಲು ತಡವಾದದ್ದು ಅದಕ್ಕೇ. ಆ ಬಿಸಿಯಲ್ಲಿ ಬರೆದಿದ್ದರೆ ನೀವು ಓದುವಂಥ ಕಾಗದ ಆಗುತ್ತಿರಲಿಲ್ಲ.

ನಾನು ಏನು ಮಾಡಿದೆ ಕೇಳಿ. ಮೊದಲು ಇರಿಸಿಕೊಳ್ಳೋಣ ಎಂದೆ. ಎಕ್ಸ್‌ರೇಯ ಕೈ ಹಿಡಿದು, "ನಾಲ್ಕು ದಿನ ನೋಡಮ್ಮಾ, ಆಮೇಲೆ ಬೇಕಾದ್ರೆ ಬಿಡು" ಎಂದು ಒಪ್ಪಿಸಿದೆ. ಅಜ್ಜಿ ಅವಳಿಗೆ ತಡ ಮಾಡುವುದನ್ನು ಕಲಿಸಿದರು. ಚುರುಕು ಕೈಗೆ ಅದೆಷ್ಟು ಕಷ್ಟ ಅಂತೀರಿ! ಆದರೆ ಹಟವಾದಿ ಹೆಣ್ಣು, ಕಲಿತಳು. ಮೂರನೆಯ ದಿನಕ್ಕೆ ಬಂತು. ಗೊಂಬೆ ಕೈ ಚಾಚಿತು, ಕಾಯಿತು, ಎಡಗೈ ಬಂತು. ಮೇಷ್ಟ್ರು ಚಪ್ಪಾಳೆ ಹೊಡೆದರು. ನನಗೂ ಎದೆ ತುಂಬಿ ಬಂತು, ಅದು ಕಾಲು ಗಂಟೆಯ ಮಟ್ಟಿಗೆ.

ಎರಡನೆಯ ಸಲ ಮಾಡುವಾಗ ನಾನು ಎಕ್ಸ್‌ರೇಯ ಪಾದ ನೋಡಿದೆ. ಕಾಲಿನವರಿಗೆ ಕಾಣುವುದು ಅದೊಂದೇ ತಾನೇ, ಪಕ್ಕದಲ್ಲಿ ನಿಂತವರ ಪಾದ. ನಮ್ಮ ನಿಧಾನಿ ಕೈ ಮುಂದಕ್ಕೆ ಒಯ್ಯುವ ಮೊದಲು ಬಲಗಾಲಿನ ಹಿಮ್ಮಡಿಯನ್ನು ಒಂದಿಷ್ಟು ಎತ್ತುತ್ತಿದ್ದಳು, ಕಪಾಟಿನ ಮೇಲಿನ ಡಬ್ಬಿಗೆ ನಿಲುಕಲು ನೋಡುವಂತೆ. ಅದು ನನಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಅಜ್ಜಿಗೆ ಗೊತ್ತಿಲ್ಲ, ಅವರ ಕಣ್ಣು ಎದುರಿಗೆ. ನಿಮಗೂ ಗೊತ್ತಿಲ್ಲ, ವೇದಿಕೆಯ ಅಡ್ಡಹಲಗೆ ನಮ್ಮ ಪಾದಗಳನ್ನು ಮರೆಮಾಡುತ್ತದೆ. ಈಗ ಎಕ್ಸ್‌ರೇಯ ಕಪ್ಪು ಕಾಲುಚೀಲದ ಬಲ ಹಿಮ್ಮಡಿ ಹಾಗೆಯೇ ನನ್ನ ಕಣ್ಣೆದುರು ಮೆಲ್ಲಗೆ ಎದ್ದಿತು.

ನನ್ನ ಮುಷ್ಟಿಯಿಂದ ಬಟ್ಟೆ ಜಾರಿತು. ಗೊಂಬೆಯ ಮಂಡಿ ಹೋಗಿ ಬರೀ ಬಟ್ಟೆ ಜೋತಾಡಿತು.

"ಯಾರು ಹೇಳಿಕೊಟ್ರು ನಿಂಗೆ?" ಎಂದು ಕೂಗಿಯೇಬಿಟ್ಟೆ.

ಎಕ್ಸ್‌ರೇ ಮುಸುಕೆತ್ತಿದಳು, ಮುಖ ಬಿಳಿಚಿಕೊಂಡಿತ್ತು. "ಏನು ಅಕ್ಕಾ? ನಾನೇನು ಮಾಡ್ದೆ?"

"ಹಿಮ್ಮಡಿ ಎತ್ತಿದ್ಯಲ್ಲ!"

"ನಾನು ಎತ್ತಲಿಲ್ಲಕ್ಕಾ. ಎತ್ತಿದ್ದು ಗೊತ್ತೇ ಇಲ್ಲ."

ಆ ತಡದಲ್ಲಿ ನಿಂತರೆ ಯಾರ ಹಿಮ್ಮಡಿಯಾದರೂ ತಾನಾಗಿ ಏಳುತ್ತದೋ ಏನೋ, ಈಗ ಶಾಂತವಾಗಿ ಕೂತು ಹಾಗೆ ಯೋಚಿಸಬಲ್ಲೆ. ಆವತ್ತು ಆಗಲಿಲ್ಲ. ನೀರು ಕುಡಿಸಿ ಅವಳನ್ನು ಕೂರಿಸಿದೆ. ಆಗ ಅವಳು ಹೇಳಿದ್ದು ಕೇಳಿ. ಎರಡು ದಿನದಿಂದ ಆಸ್ಪತ್ರೆಯಲ್ಲೂ ತಡ ಮಾಡುತ್ತಿದ್ದಾಳಂತೆ. ಉಸಿರು ಹಿಡಿದ ರೋಗಿಗಳಿಗೆ "ಬಿಡಿ" ಎನ್ನಲು ಅರ್ಧ ಉಸಿರು ಹೆಚ್ಚು ತೆಗೆದುಕೊಳ್ಳುತ್ತಾಳಂತೆ. ಮನೆಯಲ್ಲಿ ಅತ್ತೆ ಕರೆದರೆ ಒಂದು ಗಳಿಗೆ ಬಿಟ್ಟು ಓಗೊಡುತ್ತಾಳಂತೆ. "ಏನೇ ಇದು, ಕರೆದ್ರೆ ಎಲ್ಲೋ ಹೋಗಿ ಬಂದವಳ ಹಾಗೆ ನೋಡ್ತೀಯಾ ಅಂತಾರೆ ಅತ್ತೆ" ಎಂದು ಅವಳು ನಗಲು ನೋಡಿದಳು. ನನಗೆ ನಗು ಬರಲಿಲ್ಲ. ಯಾರದೋ ಮನೆಯ ಜೀವಂತ ಸೊಸೆಯನ್ನು ಹಿಡಿದು ನಾನು ನನ್ನ ಮಗಳ ನೆರಳು ಮಾಡುತ್ತಿದ್ದೆ.

ಅಜ್ಜಿಯ ಫೋನಿಗೆ ನಾನೇ ಹೇಳಿದೆ, "ತೆಗೆದುಬಿಡಿ." ಅದು ಜಪಾನಿಯಲ್ಲಿ ಓದಿತು. ಅಜ್ಜಿ ಎದ್ದು ಗೊಂಬೆಯನ್ನು ಕೈಗೆತ್ತಿಕೊಂಡರು.

ಆಮೇಲಿನ ದಿನಗಳು ಬೇಡ. ಆ ಒಂದೇ ಜಾಗವನ್ನು ಮತ್ತೆ ಮತ್ತೆ ಮಾಡಿದೆವು. ಪ್ರತಿ ಸಲವೂ ಅಜ್ಜಿಯ ಸೊಂಟ ಸ್ವಲ್ಪ ಬೇಗ ಅಲುಗುತ್ತಿತ್ತು. ನಮ್ಮ ನಿಧಾನಿ ದಿನಕ್ಕಿಷ್ಟು ಹೋದಳು. ಆಸ್ಪತ್ರೆಯಲ್ಲಿ ಆದದ್ದೂ ಹೀಗೆಯೇ ಅಲ್ಲವೇ, ಆದರೆ ಅಲ್ಲಿ ನಾನು ಹೋಗು ಎಂದು ಹೇಳಿರಲಿಲ್ಲ. ಗುರುವಾರದ ಹೊತ್ತಿಗೆ ತಡ ಹೋಗಿತ್ತು. ಮೂರೇ ಉಸಿರು. ಎಕ್ಸ್‌ರೇಯ ಹಿಮ್ಮಡಿ ನೆಲಕ್ಕೆ ಗಟ್ಟಿಯಾಗಿ ಊರಿತ್ತು. ಆ ಸಂಜೆ ಮನೆಗೆ ಬಂದು ಅನ್ನಕ್ಕಿಡದೆ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ನೀವಿರಬೇಕಿತ್ತು. ಇದನ್ನು ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ.

ಶನಿವಾರ ಪ್ರದರ್ಶನ. ಬೆಂಚುಗಳು ತುಂಬಿ ಜನ ಗೋಡೆಗೆ ಒರಗಿ ನಿಂತಿದ್ದರು. ಲೈಟು ಮಡಕೆ ಮೇಷ್ಟ್ರ ಕೈಯಲ್ಲಿ. ಗೊಂಬೆಗಿಂತ ಹೆಚ್ಚು ಬೆಳಕು ಮುಂದಿನ ಸಾಲಿನ ಬೋಳುತಲೆಯವರಿಗೆ ಬಿದ್ದಿತಂತೆ. ಬಟ್ಟೆಗಳೆಲ್ಲ ಮುಗಿದವು. ಹೊದಿಕೆ ಬಂತು. ಬಲಗೈ ತುದಿ ಹಿಡಿಯಿತು, ಎಡಗೈ ತುದಿ ಹಿಡಿಯಿತು, ಅಜ್ಜಿಯ ಸೊಂಟ ನನ್ನ ತೋಳನ್ನು ಒತ್ತಿ ನಡೆ ಎಂದಿತು.

ಗೊಂಬೆ ನಡೆಯಲಿಲ್ಲ. ಅದೇ ಅರ್ಧ ಉಸಿರು ನಿಂತಿತು. ನಾನು ಮುಸುಕಿನೊಳಗೆ ಕಣ್ಣು ಮುಚ್ಚಿ, ಅಯ್ಯೋ ಅಜ್ಜೀ, ಇಷ್ಟೆಲ್ಲ ಮಾಡಿ ಮತ್ತೆ ಮರೆತುಬಿಟ್ಟಿರಾ ಎಂದುಕೊಂಡೆ. ಆಮೇಲೆ ಗೊತ್ತಾಯಿತು. ಅಜ್ಜಿ ನಡೆದಿದ್ದರು, ಎಕ್ಸ್‌ರೇ ನಡೆದಿದ್ದಳು. ನಿಂತದ್ದು ನನ್ನ ಮುಷ್ಟಿ. ಅಷ್ಟು ದಿನ ಅಜ್ಜಿಯ ಕೈಯಿಂದ ತೆಗೆಸಿದೆ, ಎಕ್ಸ್‌ರೇಯ ಕೈಯಿಂದ ತೆಗೆಸಿದೆ, ನನ್ನ ಕೈ ನೋಡಿಕೊಳ್ಳಲೇ ಇಲ್ಲ. ಅಜ್ಜಿಯ ಸೊಂಟ ಇನ್ನೊಮ್ಮೆ ಒತ್ತಲಿಲ್ಲ. ಅಲ್ಲೇ ನಿಂತು ಕಾಯಿತು. ಎಕ್ಸ್‌ರೇಯ ಪಾದ ನೋಡಿದೆ. ಮುಂದಿಟ್ಟದ್ದನ್ನು ಸದ್ದಿಲ್ಲದೆ ಹಿಂದೆ ತಂದು ಅವಳೂ ನಿಂತಳು. ಇಬ್ಬರೂ ನನಗಾಗಿ ನಿಂತಿದ್ದರು. ಒಂದು ಉಸಿರು ಎಳೆದುಕೊಂಡು ನಾನೇ ಮೊದಲು ಹೆಜ್ಜೆ ಇಟ್ಟೆ. ಕಾಲಿನವರು ಯಾವತ್ತೂ ಮೊದಲು ಹೋಗಬಾರದು, ಅದು ಅವರ ಕಟ್ಟಳೆ. ಆದರೆ ಗೊಂಬೆ ಹೋಯಿತು. ಹೊದಿಕೆ ಮಡಚಿತು.

ಮುಗಿದ ಮೇಲೆ ಮುಸುಕಿನೊಳಗೆ ನಾನು ಇದ್ದ ಸ್ಥಿತಿ ಬೇಡ. ಅಜ್ಜಿ ಫೋನು ಹುಡುಕಲಿಲ್ಲ. ನನ್ನ ಎರಡೂ ಮುಷ್ಟಿಗಳನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು ಬೆರಳು ಒಂದೊಂದಾಗಿ ಬಿಡಿಸಿದರು, ಅವು ಹಾಗೇ ಬಿಗಿದುಕೊಂಡಿದ್ದವು. ಎಕ್ಸ್‌ರೇ ಮಾತ್ರ, "ನೀವು ನಿಂತ್ರಿ, ಅದಕ್ಕೆ ನಾನೂ ನಿಂತೆ ಅಕ್ಕಾ. ಇನ್ನೇನು ಮಾಡ್ಲಿ" ಎಂದು ಬೈದಳು. ಅವಳು ಬಿಡುವುದಿಲ್ಲವಂತೆ. ಗೊಂಬೆ ಇಲ್ಲೇ ಉಳಿಯುತ್ತದೆ. ಅಜ್ಜಿ ಬರುವ ವಾರ ಹೊರಡುತ್ತಾರೆ, ತಲೆ ಹಿಡಿಯುವುದನ್ನು ಇನ್ನು ನಾನು ಕಲಿಯಬೇಕಂತೆ. ಈ ವಯಸ್ಸಿನಲ್ಲಿ, ತಲೆ ಹಿಡಿಯುವವರು ತೊಡುವ ಆ ಎತ್ತರದ ಮರದ ಪಾದುಕೆ ಹತ್ತಿ ನಾನು ಕಾಲು ಮುರಿದುಕೊಂಡರೆ ಎಕ್ಸ್‌ರೇ ತೆಗೆಯುವವರಿಗಂತೂ ಕೊರತೆಯಿಲ್ಲ.

ಭಾವನವರಿಗೂ ಅಕ್ಕನಿಗೂ ನನ್ನ ನಮಸ್ಕಾರ. ಅವರ ಮಕ್ಕಳು ಚೆನ್ನಾಗಿ ಓದಲಿ, ಚೆನ್ನಾಗಿ ಜಗಳವಾಡಲಿ, ಇಬ್ಬರಿಗೂ ನನ್ನ ಆಶೀರ್ವಾದ. ನಿಮಗೆ ನಿದ್ದೆ ಬರಲಿ. ಭಾನುವಾರ ಸ್ವಲ್ಪ ಬಿಸಿಲಲ್ಲಿ ಕೂತುಕೊಳ್ಳಿ.

ಇಂತಿ,
ನಿಮ್ಮವಳು

ಮರೆತೆ ಎಂದು ಬರೆಯಲಾರೆ, ಬರೆಯದೆ ಇದ್ದೆ. ನಿನ್ನೆ ಅಜ್ಜಿ ನನ್ನನ್ನು ಪಾದುಕೆ ಹತ್ತಿಸಿ ತಲೆ ಹಿಡಿಸಿದರು. ತಲೆ ಹಿಡಿದವರಿಗೆ ಎಡಗೈ ಕಾಣುತ್ತದೆ. ಎಕ್ಸ್‌ರೇ ಕೋಲು ಎತ್ತಿದಳು, ಆ ಪುಟ್ಟ ಬೆರಳುಗಳು ತೆರೆದುಕೊಂಡವು. ಗೊಂಬೆಯ ಎಡಗೈ ಆಡುವುದನ್ನು ನಾನು ಜೀವನದಲ್ಲಿ ನೋಡಿದ್ದು ಅದೇ ಮೊದಲು. ಮೂರು ವರ್ಷ ಒಂದೇ ಗೊಂಬೆಯಲ್ಲಿ ನಮ್ಮ ನಿಧಾನಿಯ ಪಕ್ಕದಲ್ಲಿದ್ದೆ, ಒಂದು ಸಲವೂ ಅವಳ ಕೆಲಸ ನೋಡಲಿಲ್ಲ. ನನ್ನ ತಲೆ ಕೆಳಗಿತ್ತು. ಜನ ಫೋನಿನಲ್ಲಿ ತೆಗೆದದ್ದನ್ನೆಲ್ಲ ಕೇಳಿ ತರಿಸಿ ನೋಡಿದೆ, ಅದರಲ್ಲಿ ಬರೀ ಒಂದು ಬಿಳಿ ಚುಕ್ಕೆ ಅಲುಗುತ್ತದೆ. ನೀವು ಏಣಿಯ ಮೇಲಿದ್ದಿರಿ. ಎಲ್ಲ ತಾಲೀಮು, ಎಲ್ಲ ಪ್ರದರ್ಶನ ನೋಡಿದ್ದೀರಿ. ಆ ಕೈಗೆಂದೇ ಒಂದು ಸಣ್ಣ ಲೈಟನ್ನು ಬೇರೆ ಇಟ್ಟಿದ್ದಿರಿ. ನಮ್ಮಿಬ್ಬರಲ್ಲಿ ಅದನ್ನು ನೋಡಿದವರು ನೀವೊಬ್ಬರೇ, ಆ ಮಾತು ಬಂದರೆ ಸಿಗ್ನಲ್ ಹೋಗುತ್ತದೆ ಅನ್ನುತ್ತೀರಿ. ಮನೆಗೆ ಬನ್ನಿ ಎಂದು ಇನ್ನು ಕೇಳುವುದಿಲ್ಲ. ಕಾಗದದಲ್ಲೇ ಬರೆಯಿರಿ, ಎಷ್ಟು ಪುಟವಾದರೂ ಆಗಲಿ. ನನ್ನ ಮಗಳ ಕೈ ಹೇಗಿತ್ತು?